ಬಳ್ಳಾರಿಯಲ್ಲಿ ನಂಬರ್ ಒನ್ ಯಾರು? ಎರಡು ಕೇಬಲ್ ಸುದ್ದಿ ಚಾನೆಲ್‌ಗಳ ಪ್ರಕರಣ

2023ರ ದಸರಾಕ್ಕೆ ಸ್ವಲ್ಪ ಮುಂಚೆ ಬಳ್ಳಾರಿಯ ಎರಡು ಕೇಬಲ್ ಸುದ್ದಿ ಚಾನೆಲ್‌ಗಳು ಪರದೆಯ ಮೂಲೆಯಲ್ಲಿ ‘ನಂ. 1’ ಎಂದು ಹಾಕಿಕೊಂಡವು. ಒಂದು ಹಾಕಿದ ಮೇಲೆ ಇನ್ನೊಂದು ಸುಮ್ಮನಿರಲಿಲ್ಲ. ಹಾಗೆ ಹೇಳಲು ಎರಡರ ಹತ್ತಿರವೂ ಆಧಾರ ಇರಲಿಲ್ಲ. ಆದರೆ ಸುಳ್ಳು ಹೇಳುತ್ತಿದ್ದೇವೆ ಎಂದು ಯಾರಿಗೂ ಅನ್ನಿಸಿರಲಿಲ್ಲ. ಟಿವಿ ಅಂದರೆ ಹೀಗೇ ಇರಬೇಕು ಎಂದು ಎಲ್ಲರೂ ನಂಬಿಬಿಟ್ಟಿದ್ದರು.

ಅಂಗಡಿಗಳಿಗೆ ಜಾಹೀರಾತು ಮಾಡಿಸಿ, ಎಲ್ಲಿ ಎಷ್ಟು ಹಾಕಬೇಕು ಎಂದು ಹೇಳುವುದು ನನ್ನ ಕೆಲಸ. ಹಾಗಾಗಿ ಈ ಪೈಪೋಟಿಯನ್ನು ಹತ್ತಿರದಿಂದ ನೋಡಿದ್ದೇನೆ. ಚಾನೆಲ್, ಅಂಗಡಿ ಯಾವುದರ ಹೆಸರನ್ನೂ ಇಲ್ಲಿ ಹಾಕಿಲ್ಲ. ಹಳೆಯ ಚಾನೆಲ್, ಹೊಸ ಚಾನೆಲ್ ಅಂತಲೇ ಕರೆಯುತ್ತೇನೆ.

ಹಳೆಯ ಚಾನೆಲ್ ಹುಟ್ಟಿದ್ದು ಕೇಬಲ್ ಆಪರೇಟರ್‌ನ ಸಿನಿಮಾ ಚಾನೆಲ್ ಆಗಿ. ಸಂಜೆ ಅರ್ಧ ಗಂಟೆ ಊರ ಸುದ್ದಿ ಸೇರಿಸಿದರು, ಅದೇ ಮುಖ್ಯವಾಯಿತು. ಏಳು ಗಂಟೆಯ ಬುಲೆಟಿನ್ ಶುರುವಾಗುತ್ತಿದ್ದದ್ದು ನಲ್ಲಿ ನೀರಿನ ಪಟ್ಟಿಯಿಂದ. ಯಾವ ವಾರ್ಡಿಗೆ ನಾಳೆ ನೀರು, ಯಾವುದಕ್ಕೆ ಇಲ್ಲ. ಆಮೇಲೆ ಜೆಸ್ಕಾಂ ಎಲ್ಲಿ ಕರೆಂಟ್ ತೆಗೆಯುತ್ತದೆ, ಎಪಿಎಂಸಿ ದರ, ತುಂಗಭದ್ರಾ ಅಣೆಕಟ್ಟೆಯ ಒಳಹರಿವು-ಹೊರಹರಿವು, ಕೊನೆಗೆ ನಿಧನ ವಾರ್ತೆ. ಬಳ್ಳಾರಿಯಲ್ಲಿ ಇದ್ದವರಿಗೆ ನೀರಿನ ಪಟ್ಟಿ ಏನು ಎಂದು ವಿವರಿಸಬೇಕಿಲ್ಲ. ಇಲ್ಲಿ ನೀರು ದಿನಾ ಬರುವುದಿಲ್ಲ. ಬರುವ ದಿನ ಮನೆಯಲ್ಲಿ ಒಬ್ಬರಾದರೂ ಇರಲೇಬೇಕು.

ಹೊಸ ಚಾನೆಲ್ ನಡೆಸುತ್ತಿದ್ದವರು ಹುಡುಗರು. ಮದುವೆ ವಿಡಿಯೋ ಮಾಡುವ ಸ್ಟುಡಿಯೋ ಇತ್ತು, ಡ್ರೋನ್ ಇತ್ತು, ಯೂಟ್ಯೂಬ್ ಗೊತ್ತಿತ್ತು. ಅವರಿಗೆ ಮಾದರಿ ಬೆಂಗಳೂರಿನ ಚಾನೆಲ್‌ಗಳು. ಇದು ಸಹಜವೇ. ಟಿವಿ9 ಶುರುವಾಗಿದ್ದು 2006ರ ಕೊನೆಯಲ್ಲಿ, ಸುವರ್ಣ ನ್ಯೂಸ್ 2008ರಲ್ಲಿ, ಪಬ್ಲಿಕ್ ಟಿವಿ 2012ರಲ್ಲಿ. ಈ ಹುಡುಗರು ಬೆಳೆದದ್ದೇ ಅವನ್ನು ನೋಡಿಕೊಂಡು. ಕೆಂಪು ಪಟ್ಟಿ, ಢಂ ಎನ್ನುವ ಸದ್ದು, ಒಂದೇ ಸಿಸಿಟಿವಿ ದೃಶ್ಯವನ್ನು ಇಪ್ಪತ್ತು ಸಲ ತಿರುಗಿಸುವುದು, ಎಲ್ಲವೂ ಅಲ್ಲಿಂದ ಬಂದದ್ದು. ಹಾಗಂತ ಕೆಲಸಕ್ಕೆ ಹಿಂದೆ ಬೀಳುವವರಲ್ಲ. ಸಂಡೂರಿನ ಅದಿರು ಲಾರಿಗಳ ಧೂಳಿನ ಬಗ್ಗೆ ಅವರು ಮಾಡಿದ ವರದಿ ಹಳೆಯ ಚಾನೆಲ್‌ನಲ್ಲಿ ಎಂದೂ ಬರುತ್ತಿರಲಿಲ್ಲ.

ಎಲ್ಲಕ್ಕೂ ಕಾರಣವಾದ ಪ್ರಶ್ನೆ ಕೇಳಿದ್ದು ಬೆಂಗಳೂರು ರಸ್ತೆಯ ಒಬ್ಬ ಬಟ್ಟೆ ಅಂಗಡಿ ಮಾಲೀಕರು. ದಸರಾ-ದೀಪಾವಳಿಗೆ ಒಂದಿಷ್ಟು ಹಣ ಎತ್ತಿಟ್ಟಿದ್ದರು. ‘ಇಬ್ಬರೂ ನಂಬರ್ ಒನ್ ಅಂತಾರಲ್ರಿ. ಟಿಆರ್‌ಪಿ ಚೀಟಿ ತರ್ಸಿ ತೋರ್ಸ್ರಿ. ಯಾರದು ಜಾಸ್ತಿ ಅದಾವೋ ಅವರಿಗೇ ರೊಕ್ಕ’ ಎಂದರು. ನ್ಯಾಯವಾದ ಮಾತೇ. ಆದರೆ ಆ ಚೀಟಿ, ಅಂದರೆ ಯಾವ ಚಾನೆಲ್ ಎಷ್ಟು ಜನ ನೋಡುತ್ತಾರೆ ಎಂಬ ಅಂಕಿ, ಬಳ್ಳಾರಿಯಲ್ಲಿ ಸಿಗುವುದಿಲ್ಲ. ಯಾಕೆ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಈ ಪ್ರಕರಣದ ಗಂಟು ಇರುವುದೇ ಅಲ್ಲಿ.

ಭಾರತದಲ್ಲಿ ಟಿವಿ ನೋಡುವವರ ಲೆಕ್ಕ ಇಡುವುದು ಬಾರ್ಕ್, ಅಂದರೆ ಬ್ರಾಡ್‌ಕಾಸ್ಟ್ ಆಡಿಯನ್ಸ್ ರಿಸರ್ಚ್ ಕೌನ್ಸಿಲ್. 2010ರಲ್ಲಿ ಹುಟ್ಟಿ, 2015ರಿಂದ ಅಂಕಿ ಕೊಡಲು ಶುರುಮಾಡಿತು. ಅದಕ್ಕೂ ಮುಂಚೆ ಟ್ಯಾಮ್ ಅನ್ನುವ ಸಂಸ್ಥೆ ಮಾಡುತ್ತಿತ್ತು. ಬಾರ್ಕ್‌ನ ಒಡೆತನ ಚಾನೆಲ್‌ಗಳ ಸಂಘ, ಜಾಹೀರಾತುದಾರರ ಸಂಘ, ಜಾಹೀರಾತು ಏಜೆನ್ಸಿಗಳ ಸಂಘ ಈ ಮೂರರದ್ದು. ಇದರಲ್ಲಿ ಚಾನೆಲ್‌ಗಳ ಪಾಲು ಶೇಕಡಾ 60. ಆರಿಸಿದ ಮನೆಗಳಲ್ಲಿ ಒಂದು ಮೀಟರ್ ಇಡುತ್ತಾರೆ. ಚಾನೆಲ್‌ನ ಧ್ವನಿಯೊಳಗೆ ನಮಗೆ ಕೇಳಿಸದ ಒಂದು ಗುರುತು ಸೇರಿಸಿರುತ್ತಾರೆ, ಮೀಟರ್ ಅದನ್ನು ಹಿಡಿಯುತ್ತದೆ. ಮನೆಯ ಪ್ರತಿಯೊಬ್ಬರಿಗೂ ಒಂದು ಬಟನ್. ಟಿವಿ ಮುಂದೆ ಕೂತವರು ತಮ್ಮ ಬಟನ್ ಒತ್ತಬೇಕು. ಯಾವ ಮನೆಯಲ್ಲಿ ಮೀಟರ್ ಇದೆ ಎಂಬುದು ಗುಟ್ಟಾಗಿರಬೇಕು ಎಂದು 2014ರ ಜನವರಿಯಲ್ಲಿ ಸರ್ಕಾರ ತಂದ ಮಾರ್ಗಸೂಚಿಯೇ ಹೇಳುತ್ತದೆ.

ಧ್ವನಿಯಲ್ಲಿ ಗುರುತು ಇಲ್ಲದ ಚಾನೆಲ್ ಮೀಟರ್‌ಗೆ ಯಾವುದೆಂದು ತಿಳಿಯುವುದಿಲ್ಲ. ನಮ್ಮ ಎರಡೂ ಚಾನೆಲ್‌ಗಳಿಗೆ ಗುರುತು ಇಲ್ಲ. ಬಳ್ಳಾರಿಯ ಮೀಟರ್ ಮನೆಯಲ್ಲಿ ಏಳು ಗಂಟೆಗೆ ಎಲ್ಲರೂ ನೀರಿನ ಪಟ್ಟಿ ನೋಡುತ್ತಾ ಕೂತಿದ್ದರೂ ಅದು ಯಾರ ಲೆಕ್ಕಕ್ಕೂ ಸೇರುವುದಿಲ್ಲ.

ಗುರುತು ಹಾಕಿಸಿದರೆ? ಆಗಲೂ ಆಗುವುದಿಲ್ಲ ಎಂದು ಮಾಲೀಕರಿಗೆ ಕಾಗದದ ಮೇಲೆ ಲೆಕ್ಕ ಹಾಕಿ ತೋರಿಸಿದೆ. 2020ರ ಹೊತ್ತಿಗೆ ದೇಶದಲ್ಲಿ ಟಿವಿ ಇರುವ ಮನೆಗಳು ಸುಮಾರು 21 ಕೋಟಿ ಎಂದು ಬಾರ್ಕ್ ಅಂದಾಜು ಮಾಡಿತ್ತು. ಮೀಟರ್ ಮನೆಗಳು ಆಗ ಸುಮಾರು 44,000. ಅಂದರೆ 4,700 ಚಿಲ್ಲರೆ ಮನೆಗೆ ಒಂದು ಮೀಟರ್. 2011ರ ಜನಗಣತಿಯಲ್ಲೇ ಬಳ್ಳಾರಿ ನಗರದ ಜನಸಂಖ್ಯೆ ನಾಲ್ಕು ಲಕ್ಷ ದಾಟಿತ್ತು. ಮನೆಗೆ ಐದು ಜನ ಎಂದರೆ 80,000 ಮನೆ. ಸರಾಸರಿಯಂತೆ ಹಂಚಿದರೆ ನಮ್ಮ ಪಾಲಿಗೆ 17 ಮೀಟರ್. ನಿಜದಲ್ಲಿ ಅದಕ್ಕಿಂತ ಜಾಸ್ತಿಯೋ ಕಡಿಮೆಯೋ ಇರಬಹುದು, ಅದು ಗುಟ್ಟು. 17 ಮನೆಯಲ್ಲಿ ಒಂದು ಮನೆಯವರು ಮದುವೆಗೆ ಹೋದರೆ ಶೇಕಡಾ ಆರು ಏರುಪೇರು. ಶೇಕಡಾ 30 ಮನೆಯವರು ನೋಡುತ್ತಾರೆ ಎಂದು ಬಂದರೆ, ನಿಜವಾದ ಸಂಖ್ಯೆ 8 ಇರಬಹುದು, 52 ಕೂಡ ಇರಬಹುದು. ಇಂಥ ಅಂಕಿ ಹಿಡಿದು ಯಾರು ನಂಬರ್ ಒನ್ ಎನ್ನುವುದು ಹೇಗೆ?

ಇದು ಬಾರ್ಕ್‌ನ ತಪ್ಪಲ್ಲ. ಅದರ ಲೆಕ್ಕ ಇರುವುದು ಇಡೀ ಕರ್ನಾಟಕವನ್ನು ಒಟ್ಟಾಗಿ ನೋಡುವುದಕ್ಕೆ. ರಾಜ್ಯಕ್ಕೆ ಜಾಹೀರಾತು ಕೊಡುವ ಸೋಪಿನ ಕಂಪನಿಗೆ ಅದು ಸಾಕು. ಬೆಂಗಳೂರು ರಸ್ತೆಯ ಬಟ್ಟೆ ಅಂಗಡಿಗೆ ಸಾಲದು. ನನಗೆ ಸಂಕಟವಾಗುವುದು ಬೇರೆ ಕಡೆ. ಮೀಟರ್ ಇರುವ ಚಾನೆಲ್‌ಗಳು ಹಾಗೆ ಕೂಗುವುದಕ್ಕೆ ಅವರದ್ದೇ ಒಂದು ಕಾರಣವಿದೆ. ಅಂಕಿ ಏರಿದರೆ ದುಡ್ಡು ಏರುತ್ತದೆ. ನಮ್ಮೂರಿನ ಚಾನೆಲ್‌ಗಳಿಗೆ ಆ ಕಾರಣವೇ ಇರಲಿಲ್ಲ. ಇವರ ಕೂಗನ್ನು ಯಾವ ಮೀಟರೂ ಬರೆದುಕೊಳ್ಳುತ್ತಿರಲಿಲ್ಲ. ಆದರೂ ಕೂಗಿದರು.

ಅಂಕಿ ಇದ್ದ ಮಾತ್ರಕ್ಕೆ ಜಗಳ ಮುಗಿಯುವುದಿಲ್ಲ ಅನ್ನುವುದೂ ಈ ಕಥೆಯಲ್ಲಿ ಸೇರಬೇಕು. 2020ರ ಅಕ್ಟೋಬರ್‌ನಲ್ಲಿ, ಮೀಟರ್ ಇರುವ ಮನೆಗಳಿಗೆ ದುಡ್ಡು ಕೊಟ್ಟು ಒಂದೇ ಚಾನೆಲ್ ಹಾಕಿಸುತ್ತಾರೆ ಎಂಬ ಆರೋಪದ ಮೇಲೆ ಮುಂಬೈ ಪೊಲೀಸರು ತನಿಖೆ ಶುರುಮಾಡಿದರು. ಬಾರ್ಕ್ ಸುದ್ದಿ ಚಾನೆಲ್‌ಗಳ ವಾರದ ಅಂಕಿಯನ್ನೇ ನಿಲ್ಲಿಸಿತು. ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ, ಅದೂ ನಾಲ್ಕು ವಾರಗಳ ಸರಾಸರಿಯಾಗಿ. ಒಂದು ವಾರ ಅಬ್ಬರಿಸಿ ಮೇಲೆ ಬರುವುದು ಕಷ್ಟವಾಗಲಿ ಎಂಬುದು ಆ ಸರಾಸರಿಯ ಹಿಂದಿನ ಯೋಚನೆ. ಸುಮಾರು ಹದಿನೇಳು ತಿಂಗಳು ಸುದ್ದಿ ಚಾನೆಲ್‌ಗಳಿಗೆ ಟಿಆರ್‌ಪಿ ಇರಲಿಲ್ಲ, ಆದರೂ ಪರದೆಯ ಮೇಲಿನ ಗದ್ದಲ ಇಳಿಯಲಿಲ್ಲ. ಅಷ್ಟು ಹೊತ್ತಿಗೆ ಅದು ಅಭ್ಯಾಸವಾಗಿತ್ತು.

ಬಳ್ಳಾರಿಗೆ ಬರೋಣ. ಟಿಆರ್‌ಪಿ ಇಲ್ಲ ಎಂದಾದ ಮೇಲೆ ಪೈಪೋಟಿ ಚಾನೆಲ್ ನಂಬರಿಗೆ ಬಂತು. ಸೆಟ್ ಟಾಪ್ ಬಾಕ್ಸ್ ಹಾಕಿದ ತಕ್ಷಣ ಯಾವ ಚಾನೆಲ್ ಕಾಣುತ್ತದೆ ಎಂಬುದಕ್ಕೆ ಬಂತು. ಇದಕ್ಕೆ ಲ್ಯಾಂಡಿಂಗ್ ಪೇಜ್ ಎನ್ನುತ್ತಾರೆ. ದೊಡ್ಡ ಚಾನೆಲ್‌ಗಳಲ್ಲೂ ಇದು ಹಳೆಯ ವ್ಯಾಜ್ಯ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2018ರ ಡಿಸೆಂಬರ್‌ನಲ್ಲಿ ಅದನ್ನು ತಡೆಯಲು ನಿರ್ದೇಶನ ಕೊಟ್ಟಿತು, 2019ರಲ್ಲಿ ಟಿಡಿಸ್ಯಾಟ್ ಎಂಬ ನ್ಯಾಯಮಂಡಳಿ ಆ ನಿರ್ದೇಶನವನ್ನು ರದ್ದು ಮಾಡಿತು. ನಮ್ಮಲ್ಲಿ ಹಳೆಯ ಚಾನೆಲ್‌ಗೆ ಆಪರೇಟರೇ ಮಾಲೀಕ. ಬಾಕ್ಸ್ ಹಾಕಿದರೆ ಮೊದಲು ಕಾಣುವುದು ಅವರದ್ದೇ. ‘ಅದು ನೋಡೋದಲ್ಲ ಸರ್, ಕಾಣೋದು. ರಿಮೋಟ್ ಒತ್ತೋ ಮುಂಚೆ ಎರಡು ಸೆಕೆಂಡ್’ ಎಂದು ಹೊಸ ಚಾನೆಲ್‌ನ ಹುಡುಗ ಹೇಳಿದ್ದು ಸರಿಯಾಗಿತ್ತು. ಅವರು ತಮ್ಮ ಯೂಟ್ಯೂಬ್ ವೀಕ್ಷಣೆಯ ಸಂಖ್ಯೆ ತೋರಿಸುತ್ತಿದ್ದರು. ಅದರಲ್ಲಿ ಬಳ್ಳಾರಿಯವರು ಎಷ್ಟು, ಬೆಂಗಳೂರಿನಲ್ಲಿ ಕೆಲಸಕ್ಕಿರುವ ನಮ್ಮೂರಿನವರು ಎಷ್ಟು ಎಂದು ಕೇಳಿದರೆ ಉತ್ತರ ಸಿಗುತ್ತಿರಲಿಲ್ಲ. ಊರಾಚೆ ಇರುವವರು ಪಾಪ ಪ್ರೀತಿಯಿಂದ ನೋಡುತ್ತಾರೆ, ಆದರೆ ಶನಿವಾರ ಸೀರೆ ತೆಗೆದುಕೊಳ್ಳಲು ಬರುವವರಲ್ಲ.

ಹೊಸ ಚಾನೆಲ್‌ನವರು ಸರ್ವೆ ಕೂಡ ಮಾಡಿದರು. ಗಡಿಗಿ ಚನ್ನಪ್ಪ ವೃತ್ತದಲ್ಲಿ, ಜನ ಇನ್ನೂ ರಾಯಲ್ ಸರ್ಕಲ್ ಎನ್ನುವ ಕಡೆ, ಚಾನೆಲ್‌ನ ಮೈಕ್ ಹಿಡಿದು ‘ನೀವು ಯಾವ ಚಾನೆಲ್ ನೋಡ್ತೀರಿ?’ ಎಂದು ಕೇಳಿದರು. ಎದುರಿಗೆ ಆ ಚಾನೆಲ್‌ನ ಮೈಕೇ ಇರುವಾಗ ಯಾರು ಬೇರೆ ಹೆಸರು ಹೇಳುತ್ತಾರೆ, ಅಲ್ವಾ? ಮನೆಯಲ್ಲಿ ಏಳು ಗಂಟೆಗೆ ರಿಮೋಟ್ ಹಿಡಿಯುವ ಹೆಂಗಸರು, ವಯಸ್ಸಾದವರು ಆ ವೃತ್ತದಲ್ಲಿ ನಿಂತಿರಲೂ ಇಲ್ಲ.

ಸರಿಯಾದ ಸರ್ವೆ ಹೇಗಿರಬೇಕು ಎಂದು ಮಾಲೀಕರು ಕೇಳಿದರು. ಎಲ್ಲಾ ವಾರ್ಡುಗಳಿಂದ ಚೀಟಿ ಎತ್ತಿದಂತೆ ಆರಿಸಿದ 400 ಮನೆ, ಆಗ ಐದು ಶೇಕಡಾ ಆಚೀಚೆಯೊಳಗೆ ಉತ್ತರ ಸಿಗುತ್ತದೆ. ಕೇಳುವವರು ಚಾನೆಲ್‌ನವರಾಗಿರಬಾರದು. ಕೌಲ್ ಬಜಾರಿನಲ್ಲಿ ಉರ್ದು ಬರಬೇಕು, ಬಹಳ ಕಡೆ ತೆಲುಗು ಬರಬೇಕು. ಇದರ ಖರ್ಚು ಅವರು ಎತ್ತಿಟ್ಟ ಜಾಹೀರಾತಿನ ಹಣದ ದೊಡ್ಡ ಪಾಲನ್ನು ನುಂಗುತ್ತಿತ್ತು. ಬೇಡ ಎಂದರು. ನಾನೂ ಬೇಡ ಎಂದೆ.

ಈ ನಡುವೆ ಹಳೆಯ ಚಾನೆಲ್‌ನಲ್ಲಿ ಒಂದು ಬದಲಾವಣೆ ಆಯಿತು. ಹುಡುಗರ ಚಾನೆಲ್ ಮುಂದೆ ನಾವು ಹಳೆಯವರಾಗಿ ಕಾಣುತ್ತೇವೆ ಎಂಬ ಭಯ. ನೀರಿನ ಪಟ್ಟಿ ತೆಗೆದು, ಅದರ ಜಾಗದಲ್ಲಿ ಕ್ರೈಂ ಸುದ್ದಿ ಹಾಕಿದರು. ಅಣೆಕಟ್ಟೆಯ ಮಟ್ಟವನ್ನು ಕೆಳಗೆ ಓಡುವ ಸಾಲಿಗೆ ಇಳಿಸಿದರು. ಎಪಿಎಂಸಿ ದರ ನಿಂತಿತು. ಮೇಲಿಂದ ನೋಡಿದರೆ ಬುಲೆಟಿನ್ ಚುರುಕಾಯಿತು.

ಅವರ ಆಫೀಸಿನಲ್ಲಿ ಫೋನ್ ತೆಗೆಯುತ್ತಿದ್ದ ಒಬ್ಬ ಅಕ್ಕ ಇದ್ದರು. ಬಂದ ಫೋನುಗಳನ್ನು ಒಂದು ಉದ್ದ ಪುಸ್ತಕದಲ್ಲಿ ಬರೆದಿಡುವ ರೂಢಿ ಅವರದ್ದು. ಯಾರೂ ಹೇಳಿರಲಿಲ್ಲ, ಯಾರೂ ನೋಡುತ್ತಲೂ ಇರಲಿಲ್ಲ. ಜಾಹೀರಾತಿನ ಲೆಕ್ಕಕ್ಕೆ ಹೋದಾಗ ಅದು ನನ್ನ ಕಣ್ಣಿಗೆ ಬಿತ್ತು. ಪಟ್ಟಿ ತೆಗೆದ ವಾರದಿಂದ ಪುಟಗಳು ತುಂಬಿದ್ದವು. ‘ಅಕ್ಕಾ, ನಮ್ಮ ಓಣಿಗೆ ನೀರು ನಾಳೆನಾ ನಾಡಿದ್ದಾ?’ ‘ಟಿವ್ಯಾಗ ಯಾಕ ಹೇಳ್ತಿಲ್ಲ?’ ಎಂಬಂಥವು. ಸಿರುಗುಪ್ಪದ ಕಡೆಯಿಂದ ಭತ್ತದ ದರ ಕೇಳುವವರು. ನಿಧನ ವಾರ್ತೆ ಇಷ್ಟು ಬೇಗ ಓದಿದರೆ ಹೆಸರೇ ತಿಳಿಯುವುದಿಲ್ಲ ಎಂದು ಬೈಯುವವರು. ಕ್ರೈಂ ಸುದ್ದಿಯ ಬಗ್ಗೆ ಬಂದ ಫೋನು ನಾನು ನೋಡಿದ ಪುಟಗಳಲ್ಲಿ ಕಾಣಲಿಲ್ಲ.

ನೋಡುವವರು ಎಷ್ಟು ಜನ ಎಂದು ಈ ಪುಸ್ತಕ ಹೇಳುವುದಿಲ್ಲ, ಅದು ನನಗೂ ಗೊತ್ತು. ಫೋನ್ ಮಾಡುವವರು ಬೇರೆ, ಸುಮ್ಮನೆ ಕೂತು ನೋಡುವವರು ಬೇರೆ. ಕ್ರೈಂ ಸುದ್ದಿಯನ್ನು ಜನ ಕಣ್ಣು ಮಿಟುಕಿಸದೆ ನೋಡುತ್ತಾರೆ, ಫೋನ್ ಮಾಡುವುದಿಲ್ಲ ಅಷ್ಟೆ. ಆದರೆ ಯಾವುದು ನಿಂತರೆ ಜನರ ಕೆಲಸ ಕೆಡುತ್ತದೆ ಎಂಬುದು ಆ ಪುಟಗಳಲ್ಲಿ ಸ್ಪಷ್ಟವಾಗಿತ್ತು. ಅಂಥ ವಿಷಯಕ್ಕೆ ಕಾದು ಕೂರುವವರು ಗಮನವಿಟ್ಟು ನೋಡುತ್ತಾರೆ, ಪಕ್ಕದಲ್ಲಿ ಬರುವ ಜಾಹೀರಾತನ್ನೂ ನೋಡುತ್ತಾರೆ ಎಂಬುದು ನನ್ನ ಊಹೆ.

ಆ ಊಹೆಯನ್ನು ಪರೀಕ್ಷಿಸುವ ದಾರಿ ಕಷ್ಟದ್ದೇನಲ್ಲ. ಅಂಗಡಿಯ ಜಾಹೀರಾತನ್ನು ಎರಡೂ ಚಾನೆಲ್‌ಗೆ ಕೊಟ್ಟೆವು. ಹಳೆಯ ಚಾನೆಲ್‌ನವರನ್ನು ಒಪ್ಪಿಸಿ ದಸರಾ ಮುಗಿಯುವವರೆಗೆ ನೀರಿನ ಪಟ್ಟಿಯನ್ನು ವಾಪಸ್ ಹಾಕಿಸಿದೆವು. ಜಾಹೀರಾತು ಎಲ್ಲಿ ಬರುತ್ತದೆ ಎಂಬುದಕ್ಕೆ ತಕ್ಕಂತೆ ಕೊನೆಯಲ್ಲಿ ಬೇರೆ ಬೇರೆ ಪದ. ಕೌಂಟರಿನಲ್ಲಿ ಆ ಪದ ಹೇಳಿದರೆ ಬಿಲ್ಲಿನಲ್ಲಿ ಸ್ವಲ್ಪ ಕಡಿತ. ಕ್ಯಾಶ್‌ನಲ್ಲಿ ಕೂರುವ ಹುಡುಗಿ ಬಿಲ್ಲಿನ ಹಿಂದೆ ಪದ ಬರೆದಿಡುತ್ತಿದ್ದಳು.

ಮಾಲೀಕರು ಕಾಯುತ್ತಿದ್ದದ್ದು ಯಾವ ಚಾನೆಲ್ ಗೆಲ್ಲುತ್ತದೆ ಎಂದು. ಬಂದ ಉತ್ತರವೇ ಬೇರೆ. ಚಾನೆಲ್‌ಗಿಂತ ಜಾಗ ಮುಖ್ಯವಾಗಿತ್ತು. ನೀರಿನ ಪಟ್ಟಿಯ ಪಕ್ಕದ ಪದ ಹೇಳಿಕೊಂಡು ಬಂದವರು ಎಲ್ಲರಿಗಿಂತ ಜಾಸ್ತಿ. ಎರಡನೆಯದು ಹೊಸ ಚಾನೆಲ್‌ನ ಗಣಿ-ಧೂಳು-ರಸ್ತೆ ವರದಿಗಳ ನಡುವಿನದ್ದು. ಎರಡೂ ಚಾನೆಲ್‌ಗಳಲ್ಲಿ ಕ್ರೈಂ ಸುದ್ದಿಗೆ ಅಂಟಿಕೊಂಡ ಜಾಹೀರಾತು ಕೊನೆಗೆ ನಿಂತಿತು. ಅದಕ್ಕೇ ರೇಟು ಎಲ್ಲಕ್ಕಿಂತ ಜಾಸ್ತಿ ಇಟ್ಟಿದ್ದರು. ಈ ಲೆಕ್ಕಕ್ಕೂ ಮಿತಿ ಇದೆ. ಪದ ನೆನಪಿಟ್ಟು ಹೇಳುವವರು ಎಲ್ಲರೂ ಅಲ್ಲ, ಒಂದು ಅಂಗಡಿಯ ಒಂದು ಹಬ್ಬದ ವ್ಯಾಪಾರ ಇಡೀ ಊರಲ್ಲ. ಆದರೂ ವೃತ್ತದಲ್ಲಿ ಮೈಕ್ ಹಿಡಿದು ಕೇಳಿದ್ದಕ್ಕಿಂತ ಇದನ್ನು ನಾನು ನಂಬುತ್ತೇನೆ. ದೀಪಾವಳಿ ಮುಗಿದ ಮೇಲೂ ಹಳೆಯ ಚಾನೆಲ್ ನೀರಿನ ಪಟ್ಟಿಯನ್ನು ತೆಗೆಯಲಿಲ್ಲ. ಅಂಗಡಿಯವರ ದುಡ್ಡು ಅದಕ್ಕೆ ಅಂಟಿಕೊಂಡಿತ್ತು.

2024ರ ಆಗಸ್ಟ್ 10, ಶನಿವಾರ. ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಗೇಟಿನ ಚೈನ್ ಕಡಿದು ಗೇಟು ಕೊಚ್ಚಿಹೋಯಿತು. ಅಣೆಕಟ್ಟೆ ತುಂಬಿ ನಿಂತಿತ್ತು, 105 ಟಿಎಂಸಿಯ ಹತ್ತಿರ. ಒತ್ತಡ ಇಳಿಸಲು 33 ಗೇಟುಗಳಿಂದಲೂ ನೀರು ಬಿಟ್ಟರು. ದುರಸ್ತಿ ಮಾಡಬೇಕಾದರೆ ಸುಮಾರು 60 ಟಿಎಂಸಿ ಖಾಲಿ ಮಾಡಬೇಕಾಗಬಹುದು ಎಂಬ ಮಾತು ಬಂತು. ಬಳ್ಳಾರಿ, ರಾಯಚೂರು, ಕೊಪ್ಪಳದ ರೈತರಿಗೆ ಅದು ಎಂಥ ಸುದ್ದಿ ಎಂದು ಯೋಚಿಸಿ. ನಾಟಿ ಮಾಡಿದ ಭತ್ತ ಗದ್ದೆಯಲ್ಲಿತ್ತು.

ಬಾರ್ಕ್‌ನ ವಾರ ಶನಿವಾರದಿಂದ ಶುಕ್ರವಾರದವರೆಗೆ. ಗೇಟು ಹೋದದ್ದು ಶನಿವಾರ ರಾತ್ರಿ. ಅಣೆಕಟ್ಟೆ ಗೇಟುಗಳ ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್, ಅಂದರೆ ಗೇಟಿನ ಜಾಗದಲ್ಲಿ ನೀರು ತಡೆಯುವ ಉಕ್ಕಿನ ತುಂಡುಗಳನ್ನು ಇಳಿಸುವ ಕೆಲಸ ಮುಗಿದದ್ದು ಮುಂದಿನ ವಾರಾಂತ್ಯಕ್ಕೆ. ಹೆಚ್ಚುಕಡಿಮೆ ಇಡೀ ಒಂದು ರೇಟಿಂಗ್ ವಾರ. ಅಣೆಕಟ್ಟೆ ಪಕ್ಕದ ಮುನಿರಾಬಾದಿನಲ್ಲಿ ನೇರ ಪ್ರಸಾರದ ಒಬಿ ವ್ಯಾನುಗಳು ಸಾಲಾಗಿ ನಿಂತವು. ಬೆಂಗಳೂರಿನ ಚಾನೆಲ್‌ಗಳಲ್ಲಿ ಒಳ್ಳೆಯ ವರದಿಗಾರರೂ ಇದ್ದರು, ನಿದ್ದೆಗೆಟ್ಟು ಕೆಲಸ ಮಾಡಿದರು. ಆದರೆ ಪರದೆಯ ಮೇಲೆ ಪ್ರಶ್ನಾರ್ಥಕ ಚಿಹ್ನೆಗಳೇ ಜಾಸ್ತಿ. ಏನಾಗಬಹುದು, ಏನಾದರೆ ಗತಿಯೇನು. ರಾಜ್ಯದ ಉಳಿದ ಕಡೆಯವರಿಗೆ ಅದು ನೋಡುವ ಸುದ್ದಿ. ಕಂಪ್ಲಿಯವರಿಗೆ ಬೇಕಿದ್ದದ್ದು ಸೇತುವೆ ಮೇಲೆ ಗಾಡಿ ಬಿಡುತ್ತಾರಾ ಇಲ್ಲವಾ ಎಂಬುದು. ಅಣೆಕಟ್ಟೆಯಿಂದ ಜಾಸ್ತಿ ನೀರು ಬಿಟ್ಟಾಗ ಕಂಪ್ಲಿ-ಗಂಗಾವತಿ ಸೇತುವೆ ಮುಳುಗುತ್ತದೆ. ನದಿ ದಂಡೆಯವರಿಗೆ ಎಷ್ಟು ಕ್ಯೂಸೆಕ್, ಎಷ್ಟು ಹೊತ್ತಿಗೆ ಎಂಬುದು ಬೇಕಿತ್ತು. ಬಳ್ಳಾರಿ ನಗರದವರಿಗೆ ಕುಡಿಯುವ ನೀರಿನ ಚಿಂತೆ.

ಭಾನುವಾರ ಬೆಳಿಗ್ಗೆ ಹಳೆಯ ಚಾನೆಲ್‌ನಲ್ಲಿ ಆ ಅಕ್ಕನ ಪುಸ್ತಕವನ್ನೇ ಮುಂದಿಟ್ಟುಕೊಂಡು ಬುಲೆಟಿನ್ ಬರೆದರು. ಯಾವ ಪ್ರಶ್ನೆ ಫೋನಿನಲ್ಲಿ ಬಂತೋ ಅದಕ್ಕೆ ಉತ್ತರ ಹುಡುಕಿ ಓದುವುದು. ಉತ್ತರ ಸಿಗದಿದ್ದರೆ ಸಿಕ್ಕಿಲ್ಲ, ಇಂಥ ಅಧಿಕಾರಿಯನ್ನು ಕೇಳಿದ್ದೇವೆ ಎಂದು ಹೇಳುವುದು. ಹೊಸ ಚಾನೆಲ್‌ನ ಹುಡುಗರು ಮೊದಲ ದಿನ ಬೆಂಗಳೂರಿನವರ ಪಕ್ಕದಲ್ಲೇ ನಿಂತು ಅದನ್ನೇ ಕೂಗಿದರು. ಎರಡನೇ ದಿನ ಅವರಿಗೇ ಅನ್ನಿಸಿತು, ಅಲ್ಲಿ ತಮಗೆ ಕೆಲಸವಿಲ್ಲ ಎಂದು. ಕಾಲುವೆ ಹಿಡಿದು ಹೊರಟರು. ಸಿರುಗುಪ್ಪ, ಕುರುಗೋಡು ಕಡೆಯ ರೈತರ ಜೊತೆ ಗದ್ದೆಯಲ್ಲೇ ನಿಂತು, ಕಾಲುವೆಗೆ ನೀರು ಬರುತ್ತಿದೆಯಾ ಎಂದು ದಿನಾ ತೋರಿಸಿದರು. ಇದನ್ನು ಯಾವ ರಾಜ್ಯ ಚಾನೆಲ್ಲೂ ಅಷ್ಟು ದಿನ ಮಾಡಲಾರದು. ಅವರು ಮಾಡಿದ ಕೆಲಸಗಳಲ್ಲೆಲ್ಲಾ ನನಗೆ ಅದೇ ದೊಡ್ಡದು. ಆಮೇಲೆ ಮಳೆ ಬಂದು ಅಣೆಕಟ್ಟೆ ಮತ್ತೆ ತುಂಬಿತು.

2024ರ ದಸರಾಕ್ಕೆ ಬಟ್ಟೆ ಅಂಗಡಿಯ ಒಪ್ಪಂದವನ್ನು ನಾವು ಬೇರೆ ರೀತಿ ಬರೆದೆವು. ಹಣ ಚಾನೆಲ್‌ಗೆ ಅಲ್ಲ, ಕಾರ್ಯಕ್ರಮದ ಭಾಗಕ್ಕೆ. ನೀರಿನ ಪಟ್ಟಿಗೆ ಇಷ್ಟು, ಕಾಲುವೆ ವರದಿಗೆ ಇಷ್ಟು, ನಿಧನ ವಾರ್ತೆಯ ಪಕ್ಕದಲ್ಲಿ ಜಾಹೀರಾತು ಬೇಡ. ಇದನ್ನು ಮಾಲೀಕರೇ ಹೇಳಿದರು. ಆ ಭಾಗ ನಿಲ್ಲಿಸಿದರೆ ಹಣವೂ ನಿಲ್ಲುತ್ತದೆ. ಇನ್ನೂ ಎರಡು ಅಂಗಡಿಗಳು ಹೀಗೇ ಬರೆಸಿಕೊಂಡವು. ಉಳಿದವರು ಈಗಲೂ ‘ಯಾರು ನಂಬರ್ ಒನ್?’ ಎಂದೇ ಕೇಳುತ್ತಾರೆ.

ಸರಿಹೋಗದ್ದೂ ಇದೆ. ಸಂಜೆ ತೆಲುಗು ಚಾನೆಲ್ ಹಾಕುವ ಮನೆಗಳು, ಉರ್ದು ಮಾತಾಡುವ ಮನೆಗಳು ನಮ್ಮ ಪದದ ಲೆಕ್ಕದಲ್ಲಿ ಬಹಳ ಕಡಿಮೆ ಬಂದವು. ಆ ಮನೆಗಳಿಗೂ ಅದೇ ನಲ್ಲಿ, ಅದೇ ನೀರು. ಪಟ್ಟಿಯನ್ನು ಮೂರು ಭಾಷೆಯಲ್ಲಿ ಪರದೆಯ ಮೇಲೆ ಬರೆದು ತೋರಿಸಿ ಎಂದು ಎರಡೂ ಚಾನೆಲ್‌ಗೆ ಹೇಳಿದ್ದೇನೆ. ಹೊಸ ಚಾನೆಲ್‌ಗೆ ಇನ್ನೊಂದು ತಲೆನೋವು. ಕೇಬಲ್ ಜಾಲದ ಸ್ಥಳೀಯ ಚಾನೆಲ್‌ಗಳಿಗೆ ಕೇಂದ್ರ ಸರ್ಕಾರ 2022ರ ನವೆಂಬರ್‌ನಲ್ಲಿ ಮಾರ್ಗಸೂಚಿ ತಂದಿದೆ. ನೋಂದಣಿ ಶುಲ್ಕ ಚಾನೆಲ್‌ಗೆ 1,000 ರೂಪಾಯಿ, ಅದು ಭಾರವಲ್ಲ. ಆದರೆ ಸ್ಥಳೀಯ ಸುದ್ದಿ ಕೊಡುವವರು ಕಂಪನಿಯಾಗಿರಬೇಕು, ಪ್ರಸಾರವಾದದ್ದನ್ನು 90 ದಿನ ಇಟ್ಟಿರಬೇಕು. ಕೇಬಲ್ ಬಿಟ್ಟು ಪೂರ್ತಿ ಯೂಟ್ಯೂಬ್‌ಗೆ ಹೋಗೋಣ ಎಂದು ಅವರಲ್ಲಿ ಅರ್ಧ ಜನ ಹೇಳುತ್ತಾರೆ. ಹೋದರೆ ಸಂಜೆ ರಿಮೋಟ್ ಹಿಡಿಯುವ ಅಜ್ಜಿಯರನ್ನು ಕಳೆದುಕೊಳ್ಳುತ್ತಾರೆ.

ಹಳೆಯ ಚಾನೆಲ್‌ನ ಮಾಲೀಕರು ಒಂದು ಹೊಸ ಯೋಚನೆ ತಂದಿದ್ದರು. ನೀರಿನ ಪಟ್ಟಿಗೆ ಇಷ್ಟು ಬೇಡಿಕೆ ಇದೆ ಎಂದಮೇಲೆ ಅದನ್ನು ಬುಲೆಟಿನ್‌ನ ಕೊನೆಗೆ ಹಾಕೋಣ, ಜನ ಅರ್ಧ ಗಂಟೆ ಕಾಯುತ್ತಾರೆ, ಅಷ್ಟೂ ಹೊತ್ತು ಜಾಹೀರಾತು ನೋಡುತ್ತಾರೆ ಎಂದು. ‘ನೀರು ಬಂದ ಮ್ಯಾಲೆ ಪಟ್ಟಿ ಓದಿದ್ರ ಏನ್ ಬಂತು ಅಣ್ಣಾ? ಏಳಕ್ಕೇ ಇರ್ಲಿ’ ಎಂದು ಆ ಅಕ್ಕ ಖಡಾಖಂಡಿತವಾಗಿ ಹೇಳಿದರು. ಬಟ್ಟೆ ಅಂಗಡಿಯವರ ಒಪ್ಪಂದದಲ್ಲೂ ಏಳು ಗಂಟೆ ಎಂದೇ ಇದೆ, ಹಾಗಾಗಿ ಈ ವರ್ಷಕ್ಕೆ ಅದು ಅಲ್ಲೇ ಉಳಿದಿದೆ.